ಬಟೇವಿಯಾದ ಕೋಳಿಗಳು

ಕೋಳಿಗೆ ಮೊದಲು ಕಾಲಿನ ಬಲ ಹೋಗುತ್ತದೆ. ನಡೆಯುವಾಗ ತಡವರಿಸುತ್ತದೆ, ಕಟ್ಟಿಗೆಯ ಮೇಲೆ ಕೂರಲಾರದೆ ಜಾರುತ್ತದೆ, ಕೊನೆಗೆ ಬಿದ್ದಲ್ಲೇ ಮಲಗಿ ಉಸಿರಿಗೂ ತಿಣುಕುತ್ತದೆ. 1889ರಲ್ಲಿ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ತಮ್ಮ ಪ್ರಯೋಗಾಲಯದ ಕೋಳಿಗಳಲ್ಲಿ ಇದನ್ನು ಕಂಡರು. ಆಗ ಜಾವಾದ ಸೈನಿಕರನ್ನೂ ಕೈದಿಗಳನ್ನೂ ಕೊಲ್ಲುತ್ತಿದ್ದ ಬೆರಿಬೆರಿಯ ಲಕ್ಷಣವೂ ಹೆಚ್ಚುಕಡಿಮೆ ಇದೇ. ಐಕ್‌ಮನ್ ಅಲ್ಲಿ ಹುಡುಕುತ್ತಿದ್ದದ್ದು ಆ ಕಾಯಿಲೆಯ ರೋಗಾಣುವನ್ನು.

ರೋಗಾಣು ಸಿಗಲಿಲ್ಲ. ಕೆಲವು ತಿಂಗಳ ಬಳಿಕ ಕೋಳಿಗಳು ತಾವಾಗಿಯೇ ಚೇತರಿಸಿಕೊಂಡವು. ಸೇನಾ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಅಷ್ಟು ದಿನ ಅವಕ್ಕೆ ಹಾಕುತ್ತಿದ್ದರಂತೆ; ಹೊಸದಾಗಿ ಬಂದ ಅಡುಗೆಯವನು ಸೇನೆಯ ಅಕ್ಕಿ ಹೊರಗಿನ ಕೋಳಿಗಳಿಗೆ ಸಲ್ಲದೆಂದು ನಿಲ್ಲಿಸಿದ್ದ. ಐಕ್‌ಮನ್ ಬೇಕೆಂದೇ ಪರೀಕ್ಷಿಸಿದರು. ಪಾಲಿಶ್ ಅಕ್ಕಿ ತಿಂದವು ಬಿದ್ದವು, ತೌಡು ಕೊಟ್ಟರೆ ಎದ್ದವು. ಮುಂದೆ ವೋರ್ಡರ್‌ಮನ್ ಎಂಬ ಅಧಿಕಾರಿ ಜಾವಾದ ಜೈಲುಗಳ ಲೆಕ್ಕ ತೆಗೆದರು. ಪಾಲಿಶ್ ಅಕ್ಕಿ ಕೊಡುತ್ತಿದ್ದ ಕಡೆ 39 ಕೈದಿಗಳಲ್ಲಿ ಒಬ್ಬನಿಗೆ ಬೆರಿಬೆರಿ. ತೌಡು ಉಳಿದ ಅಕ್ಕಿ ಕೊಡುತ್ತಿದ್ದ ಕಡೆ ಸುಮಾರು 10,000ಕ್ಕೆ ಒಬ್ಬನಿಗೆ.

ಇಷ್ಟಾದರೂ ಐಕ್‌ಮನ್ ಬಿಳಿ ಅಕ್ಕಿಯ ಪಿಷ್ಟದಲ್ಲಿ ವಿಷವಿದೆ, ತೌಡು ಅದಕ್ಕೆ ಮದ್ದು ಎಂದೇ ನಂಬಿದರು. ರೋಗಕ್ಕೆ ಏನೋ ಒಂದು ಒಳಹೊಕ್ಕಿರಲೇಬೇಕು ಎಂಬುದು ರೋಗಾಣುಗಳ ಶೋಧದಿಂದ ಬೀಗುತ್ತಿದ್ದ ಆ ಕಾಲದ ನಂಬಿಕೆ. ಇಲ್ಲದಿರುವುದೇ ಕಾಯಿಲೆ ತರಬಲ್ಲದೆಂದು ಊಹಿಸಲು ಬೇರೊಬ್ಬರು ಬೇಕಾಯಿತು. ಅವರೇ ಐಕ್‌ಮನ್ ನಂತರ ಅಲ್ಲಿ ಕೆಲಸ ಮುಂದುವರಿಸಿದ ಗೆರಿಟ್ ಗ್ರೈನ್ಸ್. ಪಿಷ್ಟವೇ ಇಲ್ಲದ ಮಾಂಸವನ್ನು ಬಹಳ ಹೊತ್ತು ಅತಿಯಾಗಿ ಕಾಯಿಸಿ ತಿನ್ನಿಸಿದರು. ಕೋಳಿಗಳು ಆಗಲೂ ಬಿದ್ದವು. ಹೆಸರುಕಾಳು ತಿಂದ ಕೋಳಿಗಳಿಗೆ ಏನೂ ಆಗಲಿಲ್ಲ. ತೌಡಿನಲ್ಲೂ ಕಾಳಿನಲ್ಲೂ ನರಗಳಿಗೆ ಬೇಕಾದ, ಬಿಸಿಗೆ ಕೆಡುವ ಪದಾರ್ಥವೊಂದಿದೆ ಎಂದು ಅವರು 1901ರಲ್ಲಿ ಬರೆದರು. 1929ರ ನೊಬೆಲ್‌ನಲ್ಲಿ ಐಕ್‌ಮನ್ ಹೆಸರಿತ್ತು, ಗ್ರೈನ್ಸ್ ಹೆಸರಿರಲಿಲ್ಲ. ಇದು ಅನ್ಯಾಯವೆಂದೇ ನನ್ನ ಭಾವನೆ.

ಆ ಪದಾರ್ಥವೇ ಥಯಾಮಿನ್, ಅಂದರೆ ಬಿ1 ಜೀವಸತ್ವ. ಗ್ಲೂಕೋಸಿನಿಂದ ಶಕ್ತಿ ತೆಗೆಯಲು ಜೀವಕೋಶಗಳಿಗೆ ಅದು ಬೇಕೇಬೇಕು. ನರಗಳು ಮುಖ್ಯವಾಗಿ ಗ್ಲೂಕೋಸನ್ನೇ ನಂಬಿರುವುದರಿಂದ ಮೊದಲ ಪೆಟ್ಟು ಅವಕ್ಕೆ. ಅನ್ನ ಹೆಚ್ಚು ಉಂಡಷ್ಟೂ ಥಯಾಮಿನ್ ಹೆಚ್ಚು ಬೇಕು. ಬರೀ ಬಿಳಿ ಅನ್ನ ಬೇಡಿಕೆಯನ್ನು ಏರಿಸಿ ಪೂರೈಕೆಯನ್ನು ಇಳಿಸುತ್ತದೆ. ದೇಹದಲ್ಲಿ ಇದರ ದಾಸ್ತಾನು ಕೆಲವೇ ವಾರಗಳಿಗೆ ಸಾಕಾಗುವಷ್ಟು.

ನಮ್ಮ ಕರಾವಳಿಯ ಕುಚ್ಚಲಕ್ಕಿಯ ಗುಟ್ಟೂ ಇಲ್ಲೇ ಇದೆ. ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಥಯಾಮಿನ್ ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ತೆಗೆದರೂ ಸಾಕಷ್ಟು ಉಳಿಯುತ್ತದೆ. ಹೀಗೆ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯನ್ನು ನಾಲ್ಕಾರು ನೀರಿನಲ್ಲಿ ತೊಳೆದು ಗಂಜಿ ಬಸಿದು ಚೆಲ್ಲಿದರೆ ಇದ್ದ ಅಲ್ಪಸ್ವಲ್ಪವೂ ಹೋಗುತ್ತದೆ. ಆ ಊಟದ ಜೊತೆ ಗ್ರೈನ್ಸ್ ಕೋಳಿಗಳಿಗೆ ಕೊಟ್ಟ ಹೆಸರುಕಾಳೋ, ತೊಗರಿಬೇಳೆಯ ಸಾರೋ ಇರಲೇಬೇಕು.