ಅಪ್ರೆಂಟಿಸ್‌ನಿಂದ ಮುಖ್ಯಸ್ಥರ ಕುರ್ಚಿಯವರೆಗೆ: ಎಂಜಿನಿಯರಿಂಗ್ ವೃತ್ತಿಯ ಮೆಟ್ಟಿಲುಗಳು



ಎಂಜಿನಿಯರ್ ಆಗಬೇಕಾದರೆ ಪಿಯುಸಿ ಸೈನ್ಸ್, ಸಿಇಟಿ, ಆಮೇಲೆ ಬಿ.ಇ. ಎಂಬ ಒಂದೇ ದಾರಿ ಇದೆ ಎಂದು ನಮ್ಮ ಬಹಳ ಮನೆಗಳಲ್ಲಿ ನಂಬಿಕೆ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರಿದ ಹುಡುಗನನ್ನು ‘ಓದು ಹತ್ತಲಿಲ್ಲ’ ಎಂಬ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ನಮ್ಮ ಜಿಲ್ಲೆಯಲ್ಲಂತೂ ಹೀಗೆ ಯೋಚಿಸಬಾರದು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಗೆ ದೇಶದ ವರ್ಕ್‌ಶಾಪ್‌ಗಳಲ್ಲಿ ಒಳ್ಳೆಯ ಹೆಸರಿತ್ತು. 2000ದ ದಶಕದ ಆರಂಭದ ಹೊತ್ತಿಗೆ ಅದು ನಿಂತುಹೋಯಿತು. ಆ ನೆನಪಿನಿಂದ ಕಾರ್ಖಾನೆ ಕೆಲಸವೆಂದರೆ ಹಿಂಜರಿಯುವ ಹಿರಿಯರ ಅಂಜಿಕೆಗೆ ಕಾರಣವಿದೆ. ಅದಕ್ಕಾಗಿಯೇ, ಒಂದು ಕಾರ್ಖಾನೆ ಮುಚ್ಚಿದರೂ ಇನ್ನೊಂದು ಊರಿನಲ್ಲಿ ನಡೆಯುವಂಥ ಕಾಗದ ಹುಡುಗನ ಕೈಯಲ್ಲಿ ಇದೆಯೇ ಎಂಬುದನ್ನು ನಾವು ಮೊದಲು ನೋಡಬೇಕು.

ಆ ಕಾಗದ ಸಿಗುವುದು 1961ರ ಅಪ್ರೆಂಟಿಸ್ ಕಾಯ್ದೆಯಡಿ. ಐಟಿಐ ಪಾಸಾದ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಅವಧಿ ಮುಗಿಸಿ, ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್ ಸಿಗುತ್ತದೆ. 2019ರ ನಿಯಮದಂತೆ ಐಟಿಐನವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಲಾಗಿತ್ತು. 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು.

ಪೋಷಕರು ಇಲ್ಲಿ ಎರಡು ಸಂಗತಿ ಗಮನಿಸಬೇಕು. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಒಬ್ಬ ಕಲಿಯುವವನು, ನೌಕರನಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಮಾಲೀಕರಿಗಿಲ್ಲ. ಎರಡನೆಯದು ಒಪ್ಪಂದ. ‘ಟ್ರೇನಿಂಗ್’ ಎಂದು ಬಾಯಿಮಾತಿನಲ್ಲಿ ಸೇರಿಸಿಕೊಂಡು ವರ್ಷಗಟ್ಟಲೆ ದುಡಿಸಿಕೊಂಡರೆ ಕೊನೆಗೆ ಸರ್ಟಿಫಿಕೇಟ್ ಸಿಗುವುದಿಲ್ಲ. ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಒಪ್ಪಂದ ನೋಂದಣಿಯಾಗಿದೆಯೇ ಎಂದು ಸೇರಿದ ಮೊದಲ ವಾರದಲ್ಲೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಅಲ್ಲಿಂದ ಮುಂದೆ? ಎರಡು ವರ್ಷದ ಐಟಿಐ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಹೋಗಬಹುದು. ಅಂದರೆ ಐಟಿಐ ಎಂಬುದು ಮುಚ್ಚಿದ ಬಾಗಿಲಲ್ಲ. ಮಾಯಕೊಂಡದ ಮಕ್ಕಳಿಗೆ ಇವೆಲ್ಲ ರೈಲಿನ ದೂರದಲ್ಲೇ ಇವೆ. ದಾವಣಗೆರೆಯಲ್ಲಿ 1951ರಿಂದ ಇರುವ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಬಂದ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ಪಾಲಿಟೆಕ್ನಿಕ್. ಹರಿಹರದಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ. ಈ ಟೂಲ್ ರೂಮ್ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಎಸ್ಸೆಸ್ಸೆಲ್ಸಿ ಮೇಲೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಸೇರಿದರೆ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮಿಲಿಮೀಟರಿನ ನೂರನೇ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ ಅದು. ಕೈಗೂ ಕಣ್ಣಿಗೂ ಒಟ್ಟಿಗೆ ಪಾಠ. ನಮಗೆ ಬರುವ ಅರ್ಜಿಗಳಲ್ಲಿ ಇನ್ನಷ್ಟು ಜನ ಇದನ್ನು ಬರೆಯಬೇಕೆಂದು ನಮ್ಮ ಆಸೆ.

ರೈಲ್ವೆಯ ಏಣಿ ಬೇರೆ. ಹುಬ್ಬಳ್ಳಿ ವರ್ಕ್‌ಶಾಪ್‌ನಂಥ ಕಡೆ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಆಧಾರದ ಮೇಲೆ ಅಪ್ರೆಂಟಿಸ್‌ಗಳನ್ನು ಆರಿಸುತ್ತಾರೆ. ಹೀಗೆ ರೈಲ್ವೆಯಲ್ಲೇ ತರಬೇತಿ ಮುಗಿಸಿದವರಿಗೆ ಲೆವೆಲ್-1 ನೇಮಕಾತಿಯಲ್ಲಿ ಶೇ 20ರಷ್ಟು ಜಾಗ ಮೀಸಲು. ಒಳಗೆ ಹೋದ ಮೇಲೆ ಟೆಕ್ನಿಷಿಯನ್, ಜೂನಿಯರ್ ಎಂಜಿನಿಯರ್, ಸೀನಿಯರ್ ಸೆಕ್ಷನ್ ಎಂಜಿನಿಯರ್, ಗ್ರೂಪ್ ಬಿ ಅಧಿಕಾರಿ ಎಂದು ಬಡ್ತಿ ಮತ್ತು ಇಲಾಖಾ ಪರೀಕ್ಷೆಗಳ ಮೂಲಕ ಏರಬಹುದು. ಪರೀಕ್ಷೆ ಬರೆಯದೆ ಕೂತವರು ಕೆಳಗಿನ ಮೆಟ್ಟಿಲಲ್ಲೇ ನಿವೃತ್ತರಾಗುವುದೂ ಉಂಟು.

ಮೇಲೆ ಹೋದಂತೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಅಪ್ರೆಂಟಿಸ್ ತನ್ನ ಜಾಬ್ ಅಳತೆಗೆ ಸರಿಯಾಗಿ ಬಂತೇ ಎಂದು ನೋಡಿದರೆ ಸಾಕು. ಸೂಪರ್‌ವೈಸರ್ ಇಪ್ಪತ್ತು ಜನರ ಜಾಬ್‌ಗೆ ಉತ್ತರ ಕೊಡಬೇಕು. ಮ್ಯಾನೇಜರ್ ಖರ್ಚು, ಗಡುವು, ಸುರಕ್ಷತೆ ಮೂರನ್ನೂ ಹೊರಬೇಕು, ಅದನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಬೇಕು. ಕೈಚಳಕವಿದ್ದೂ ಅನೇಕರು ನಿಂತುಬಿಡುವುದು ಈ ಬರವಣಿಗೆ ಮತ್ತು ಲೆಕ್ಕದ ಹತ್ತಿರ.

ಅಮೆರಿಕದ ಮೇರಿ ಬಾರಾ 1980ರಲ್ಲಿ, 18ರ ವಯಸ್ಸಿನಲ್ಲಿ, ಓದುತ್ತಲೇ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕಾರಿನ ಫೆಂಡರ್‌ಗಳನ್ನು ತಪಾಸಣೆ ಮಾಡುವ ಕೆಲಸಕ್ಕೆ ಸೇರಿದರು. ಕಾಲೇಜಿನ ಶುಲ್ಕಕ್ಕೆ ಆ ಸಂಬಳ. 2014ರಲ್ಲಿ ಅದೇ ಕಂಪನಿಯ ಮುಖ್ಯಸ್ಥೆಯಾದರು. ಹೆಣ್ಣುಮಕ್ಕಳಿಗೆ ವರ್ಕ್‌ಶಾಪ್ ಬೇಡ ಎನ್ನುವ ಮನೆಯವರು ಇದನ್ನು ಗಮನಿಸಲಿ.

ನಮಗೆ ಹೆಚ್ಚು ಹತ್ತಿರದ್ದು ರೋಲ್ಸ್-ರಾಯ್ಸ್ ಕಾರಿನ ಹೆನ್ರಿ ರಾಯ್ಸ್ ಕಥೆ. ತಂದೆ ಇಲ್ಲದ ಹುಡುಗ, ಪತ್ರಿಕೆ ಮಾರಿದವನು. ಸಂಬಂಧಿಯೊಬ್ಬಳು ಹಣ ಕಟ್ಟಿ ಅವನನ್ನು ಇಂಗ್ಲೆಂಡಿನ ಪೀಟರ್‌ಬರೋ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿಸಿದಳು. ಅವಧಿ ಮುಗಿಯುವ ಮೊದಲೇ ಆಕೆಯ ಹಣ ಮುಗಿಯಿತು, ಅವನು ಬಿಡಬೇಕಾಯಿತು. ಹಗಲು ದುಡಿದು ಸಂಜೆ ತರಗತಿಗೆ ಹೋಗಿ ಅವನು ದಾಟಿಕೊಂಡ. ಹಾಗೆ ಅರ್ಧಕ್ಕೆ ಬಿಟ್ಟ ಬೇರೆ ಹುಡುಗರ ಹೆಸರು ಇಂದು ಯಾರಿಗೂ ತಿಳಿದಿಲ್ಲ.

ನಮ್ಮಲ್ಲೂ ಹಣ ನಿಲ್ಲುವುದು ಮಧ್ಯದಲ್ಲೇ. ಮೊದಲ ವರ್ಷದ ಶುಲ್ಕಕ್ಕೆ ಊರೆಲ್ಲ ನೆರವಾಗುತ್ತದೆ. ಐಟಿಐ ಮುಗಿದು ಏಳು ಸಾವಿರ ಕೈಗೆ ಬಂದ ಕೂಡಲೇ ‘ಇನ್ನು ದುಡಿಯಲಿ, ತಂಗಿಯ ಮದುವೆ ಇದೆ’ ಎನ್ನುತ್ತೇವೆ. ಡಿಪ್ಲೊಮಾಕ್ಕೆ ಹೋಗಬಹುದಾಗಿದ್ದ ಹುಡುಗ ಹತ್ತು ವರ್ಷ ಅದೇ ಮೆಷಿನ್ ಮುಂದೆ ಉಳಿಯುತ್ತಾನೆ. ಆದ್ದರಿಂದ ದಾನಿಗಳಲ್ಲಿ ನಮ್ಮ ವಿನಂತಿ: ಹೊಸದಾಗಿ ಸೇರುವವರ ಜೊತೆಗೆ ಐಟಿಐಯಿಂದ ಡಿಪ್ಲೊಮಾಕ್ಕೆ, ಡಿಪ್ಲೊಮಾದಿಂದ ಬಿ.ಇ.ಗೆ ದಾಟುವವರನ್ನೂ ನಿಮ್ಮ ಲೆಕ್ಕದಲ್ಲಿಡಿ.

ಕೆಲಸ ಬಿಡಲಾಗದವರು ಒಂದು ಎಚ್ಚರಿಕೆ ವಹಿಸಬೇಕು. ಎಎಂಐಇ ಮಾಡಿಕೋ ಎಂದು ಹಿರಿಯರು ಹೇಳುವುದುಂಟು. 2013ರ ಮೇ 31ರ ನಂತರ ಹೆಸರು ನೋಂದಾಯಿಸಿದವರಿಗೆ ಅದು ಬಿ.ಇ.ಗೆ ಸಮಾನವೆಂಬ ಮಾನ್ಯತೆ ಇಲ್ಲ. ಅಂಚೆಯಲ್ಲಿ ಬಿ.ಇ. ಕೊಡುತ್ತೇವೆ ಎನ್ನುವವರಿಗೆ ಹಣ ಕಟ್ಟಬೇಡಿ. ಉದ್ಯೋಗದಲ್ಲಿರುವವರಿಗೆ ಎಐಸಿಟಿಇ ಒಪ್ಪಿಗೆಯ ಕೋರ್ಸ್ ಹತ್ತಿರದ ಕಾಲೇಜಿನಲ್ಲಿ ಇದೆಯೇ ಎಂದು ವಿಚಾರಿಸಿ.

ಲ್ಯಾಟರಲ್ ಎಂಟ್ರಿಗೆ ನೆರವು ಕೋರುವವರು ಅರ್ಜಿಯ ಜೊತೆ ಐಟಿಐ ಅಥವಾ ಡಿಪ್ಲೊಮಾ ಅಂಕಪಟ್ಟಿ, ಅಪ್ರೆಂಟಿಸ್ ಆಗಿದ್ದರೆ ಒಪ್ಪಂದದ ಪ್ರತಿ ಲಗತ್ತಿಸಿ, ಮನೆಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದೀರಿ ಎಂಬುದನ್ನೂ ಬರೆಯಿರಿ.