ಚಿಗುರು ತಿಂದರೆ ಹಾಡು ಬರುತ್ತದೆಯೇ?

ಮಾವಿನ ಚಿಗುರು ತಿಂದ ಮೇಲೆ ಕೋಗಿಲೆಯ ಕಂಠ ಬಿಡುತ್ತದೆ, ಆಮೇಲೆ ಅದು ಹಾಡುತ್ತದೆ. ಕಾವ್ಯ ಪರಂಪರೆ ನಮಗೆ ಬಿಟ್ಟುಹೋದ ಮಾತು ಇದು. ಕೇಳಲು ಹಿತವಾಗಿದೆ, ನಿಜ ಮಾತ್ರ ಅಲ್ಲ. ಕೋಗಿಲೆ ಹಣ್ಣು ತಿನ್ನುವ ಹಕ್ಕಿ. ಆಲ, ಅತ್ತಿ, ಗೋಣಿಯಂಥ ಮರಗಳ ಹಣ್ಣೇ ಅದರ ಮುಖ್ಯ ಊಟ, ಜೊತೆಗೆ ಒಂದಿಷ್ಟು ಹುಳು. ಇನ್ನು ಹಾಡುವ ಹೆಣ್ಣುಮಕ್ಕಳನ್ನು ಹೊಗಳಲು ‘ಕೋಗಿಲೆ ಕಂಠ’ ಎನ್ನುತ್ತೇವಲ್ಲ, ಕುಹೂ ಎನ್ನುವುದು ಗಂಡು. ಕಪ್ಪು ಮೈಯ, ಕೆಂಪು ಕಣ್ಣಿನ ಗಂಡು. ಚುಕ್ಕೆ ಮೈಯ ಕಂದು ಹೆಣ್ಣಿನದು ಕಿಕ್ ಕಿಕ್ ಎಂಬ ಚೀರು ದನಿ. ಗಂಡಿನ ಆ ಹಾಡೂ ಸಂತೋಷಕ್ಕೆ ಹೊರಟದ್ದಲ್ಲ. ‘ಈ ಜಾಗ ನನ್ನದು’ ಎಂದು ಉಳಿದ ಗಂಡುಗಳಿಗೆ ಎಚ್ಚರಿಕೆ, ಹೆಣ್ಣಿಗೆ ಕರೆ. ಕಾಗೆ ಗೂಡು ಕಟ್ಟುವ ಕಾಲಕ್ಕೆ ಸರಿಯಾಗಿ ಅದು ಜೋರಾಗುತ್ತದೆ, ಏಕೆಂದರೆ ಮೊಟ್ಟೆ ಇಡಬೇಕಾದದ್ದು ಕಾಗೆಯ ಗೂಡಿನಲ್ಲಿ. ವಸಂತ ಮುಗಿದು ಮಳೆ ಹಿಡಿದ ಮೇಲೂ ಕೂಗು ನಿಲ್ಲುವುದಿಲ್ಲ. ಅದನ್ನು ನಾವು ಯಾರೂ ಕವಿತೆಗೆ ಸೇರಿಸಿಕೊಳ್ಳಲಿಲ್ಲ, ಅಷ್ಟೆ.

ಹಕ್ಕಿಯ ವಿಷಯದಲ್ಲಿ ಇಷ್ಟು ತಕರಾರು ಯಾಕೆಂದರೆ, ಇದೇ ಲೆಕ್ಕವನ್ನು ನಾವು ನಮ್ಮ ಮೇಲೂ ಹಾಕಿಕೊಂಡಿದ್ದೇವೆ. ಚೈತ್ರ ಬರುತ್ತದೆ, ಹೊಂಗೆ ಚಿಗುರುತ್ತದೆ, ಜೊತೆಗೆ ಮನಸ್ಸೂ ತಾನಾಗಿ ಚಿಗುರುತ್ತದೆ. ಯುಗಾದಿಯ ಆಸುಪಾಸಿನ ಪುರವಣಿಗಳನ್ನು ತೆರೆದರೆ ಇದೇ ರಾಗ. ಇದನ್ನು ನಂಬಿ ಹೊಸ ನೋಟ್‌ಬುಕ್ಕು, ಬಣ್ಣದ ಪೆಟ್ಟಿಗೆ, ಕೊಳಲು ತಂದವರು ಅಕ್ಷಯ ತದಿಗೆಯ ಹೊತ್ತಿಗೆ ಅವನ್ನೆಲ್ಲ ಅಟ್ಟಕ್ಕೆ ಹಾಕಿ, ‘ನಮಗೆ ಅದೆಲ್ಲ ಒಲಿಯೋದಲ್ಲ ಬಿಡಿ’ ಎನ್ನುತ್ತಾರೆ. ಒಲಿಯುವ ವಿಚಾರ ಆಮೇಲೆ. ಮೊದಲು ಋತುವಿನ ಲೆಕ್ಕವನ್ನೇ ಸರಿಮಾಡಿಕೊಳ್ಳೋಣ.

ನಂಬಿಕೆ: ವಸಂತವೆಂದರೆ ಆರಂಭ, ಎಲ್ಲವೂ ಆಗಲೇ ಹುಟ್ಟುತ್ತದೆ

ಯುಗಾದಿಯ ಚಿತ್ರಾನ್ನಕ್ಕೆ ಮಾವಿನಕಾಯಿ ತುರಿಯುತ್ತೇವೆ. ಕಾಯಿ ಬಂದಿದೆ ಎಂದರೆ ಹೂವಿನ ಕಾಲ ಎಂದೋ ಮುಗಿದಿದೆ. ಶ್ರೀನಿವಾಸಪುರ, ರಾಮನಗರ, ಧಾರವಾಡದ ಕಡೆಯ ತೋಪುಗಳಲ್ಲಿ ಮಾವು ಹೂ ಬಿಡುವುದು ಹೆಚ್ಚುಕಡಿಮೆ ಡಿಸೆಂಬರಿನಿಂದ ಫೆಬ್ರವರಿಯ ಒಳಗೆ. ಅದರ ಹಿಂದಿನ ಕತೆ ಇನ್ನೂ ಹಳೆಯದು. ಮಳೆಗಾಲದಲ್ಲಿ ಬಂದ ಚಿಗುರು ಕೆಲವು ತಿಂಗಳು ಬಲಿಯಬೇಕು. ಬಲಿತ ರೆಂಬೆಯ ತುದಿಗೆ ಮಾಗಿಯ ಚಳಿ ರಾತ್ರಿಗಳು ತಾಗಿದಾಗ ಅಲ್ಲಿನ ಮೊಗ್ಗು ಎಲೆಯಾಗುವುದನ್ನು ಬಿಟ್ಟು ಹೂವಿನ ದಾರಿ ಹಿಡಿಯುತ್ತದೆ. ರೆಂಬೆ ಬಲಿಯದೆ ಇದ್ದರೆ ಚಳಿ ಬಂದು ಹೋದರೂ ಹೂ ಕಾಣುವುದು ಕಷ್ಟ. ಅಕ್ಟೋಬರಿನಲ್ಲಿ ತೋಪಿಗೆ ಹೋದವರಿಗೆ ಮರ ಸುಮ್ಮನೆ ನಿಂತಂತೆ ಕಾಣುತ್ತದೆ. ಬೆಳೆಗಾರನಿಗೆ ಮಾತ್ರ ಮುಂದಿನ ಫಸಲು ಆಗಲೇ ನಿರ್ಧಾರವಾಗುತ್ತಿದೆ ಎಂದು ಗೊತ್ತು.

ಮನಸ್ಸಿನ ಕೆಲಸದಲ್ಲೂ ಇಂಥ ಕಾಣದ ಭಾಗ ಇದೆ ಎಂದು ಬ್ರಿಟಿಷ್ ಚಿಂತಕ ಗ್ರಹಾಂ ವಾಲಸ್ 1926ರಲ್ಲೇ ಬರೆದ. ಸಿದ್ಧತೆ, ಒಳಗೊಳಗೇ ಕಾವು ಕೂರುವುದು, ಹೊಳೆಯುವುದು, ಕೊನೆಗೆ ಹೊಳೆದದ್ದನ್ನು ಒರೆಗೆ ಹಚ್ಚುವುದು ಎಂದು ಅವನು ನಾಲ್ಕು ಹಂತ ಹೇಳಿದ. ಜನರಿಗೆ ಇಷ್ಟವಾದದ್ದು ಮೂರನೆಯದು ಮಾತ್ರ. ಕೆಲಸವನ್ನು ಸ್ವಲ್ಪ ಹೊತ್ತು ಬಿಟ್ಟು ಬೇರೆ ಕಡೆ ಹೊರಳಿದರೆ ಪರಿಹಾರ ಹೊಳೆಯುವುದುಂಟೇ ಎಂದು ನೋಡಿದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು 2009ರಲ್ಲಿ ಒಟ್ಟು ಸೇರಿಸಿ ತೂಗಲಾಯಿತು. ಹೌದು, ಬಿಡುವು ಕೆಲಸ ಮಾಡುತ್ತದೆ. ಆದರೆ ಬಿಡುವಿಗೆ ಮೊದಲು ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡವರಿಗೆ ಅದರ ಲಾಭ ಹೆಚ್ಚು. ಏನನ್ನೂ ಹಚ್ಚಿಕೊಳ್ಳದೆ ಲಾಲ್‌ಬಾಗಿನ ಬೆಂಚಿನ ಮೇಲೆ ಕೂತು ಸ್ಫೂರ್ತಿಗೆ ಕಾಯುವವರಿಗೆ ಸಿಗುವುದು ತಂಪು ಗಾಳಿ ಮಾತ್ರ. ಅದೂ ಕಡಿಮೆ ಲಾಭವಲ್ಲ ಎನ್ನಿ.

ಮಾವಿನ ವಿಷಯ ಬಂದದ್ದಕ್ಕೆ ಇನ್ನೆರಡು ಸಂಗತಿ. ಒಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಅದರಲ್ಲಿ ಹಣ್ಣಿನವರೆಗೆ ಬರುವುದು ಶೇಕಡ ಒಂದಕ್ಕಿಂತ ಕಡಿಮೆ. ಬುಡದಲ್ಲಿ ಉದುರಿದ್ದನ್ನು ನೋಡಿ ಮರ ಸೋತಿತು ಎಂದು ಯಾರೂ ಹೇಳುವುದಿಲ್ಲ. ಅದೇ ನಾವು ನಾಲ್ಕು ಪದ್ಯ ಕೆಟ್ಟರೆ ಕಾಗದವನ್ನೇ ಮುಚ್ಚಿಡುತ್ತೇವೆ. ಎರಡನೆಯದು, ಬಾದಾಮಿಯಂಥ ತಳಿಗಳು ಒಂದು ವರ್ಷ ತುಂಬ ಹಿಡಿದರೆ ಮರುವರ್ಷ ಸುಮ್ಮನಿರುತ್ತವೆ. ಬುಡಕ್ಕೆ ಔಷಧಿ ಹಾಕಿ ಪ್ರತಿವರ್ಷವೂ ಹೂ ಬಿಡಿಸುವ ಉಪಾಯ ಈಗ ಇದೆ. ಬರಹಗಾರರಿಗೆ ಅಂಥ ಔಷಧಿ ಬಂದಿಲ್ಲ, ಬರದಿರುವುದೇ ಒಳ್ಳೆಯದು.

ನಂಬಿಕೆ: ವಸಂತದ ಹವೆ ಮನಸ್ಸನ್ನು ಅರಳಿಸುತ್ತದೆ

ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೂ ಬೇರೆ ಊರಿನದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಸಂತದ ಹಿತವಾದ ದಿನಗಳಲ್ಲಿ ಹೊರಗೆ ಹೆಚ್ಚು ಹೊತ್ತು ಕಳೆದವರ ಮನಸ್ಥಿತಿ, ನೆನಪು, ಹೊಸದಕ್ಕೆ ತೆರೆದುಕೊಳ್ಳುವ ಗುಣ ಮೂರೂ ಉತ್ತಮವಾದದ್ದನ್ನು ಕಂಡಿತು. ಅದೇ ಹಿತವಾದ ದಿನದಲ್ಲಿ ಒಳಗೇ ಉಳಿದವರಲ್ಲಿ ಫಲ ತಿರುಗುಮುರುಗಾಗಿತ್ತು. ಬೇಸಿಗೆ ಬಂದು ಬಿಸಿಲೇರಿದ ಮೇಲಂತೂ ಬಿಸಿಗೂ ಮಂಕು ಮನಸ್ಸಿಗೂ ನಂಟು ಕಾಣಿಸಿತು. ತಿಂಗಳುಗಟ್ಟಲೆ ಹಿಮದಲ್ಲಿ ಕೂತು ಹೊರಬಂದ ಜನರ ವಸಂತ ಅದು. ಅಲ್ಲಿ ಏಪ್ರಿಲ್ ಎಂದರೆ ಕೋಟು ಕಳಚುವ ತಿಂಗಳು.

ನಮ್ಮ ಪಂಚಾಂಗದ ಚೈತ್ರ, ವೈಶಾಖ ಹೇಗಿರುತ್ತವೆ? ಕಲಬುರಗಿ, ರಾಯಚೂರಿನಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಮಕ್ಕಳಿಗೆ ಪರೀಕ್ಷೆ, ಅಂಗಡಿ ಆಫೀಸಿನವರಿಗೆ ಮಾರ್ಚ್ ಕೊನೆಯ ಲೆಕ್ಕ, ಮನೆಯವರಿಗೆ ನೀರಿನ ಚಿಂತೆ. ಮಧ್ಯಾಹ್ನ ಎರಡು ಗಂಟೆಗೆ ಫ್ಯಾನಿನ ಕೆಳಗೆ ಕೂತು ಒಂದು ಸಾಲೂ ಹೊಳೆಯಲಿಲ್ಲ ಎಂದರೆ ಪ್ರತಿಭೆಯನ್ನು ಬೈಯಬೇಕಾಗಿಲ್ಲ. ಇಲ್ಲಿ ವಸಂತ ಎನ್ನಬಹುದಾದದ್ದು ಬೆಳಗಿನ ಐದೂವರೆಯಿಂದ ಎಂಟರವರೆಗೆ, ಮತ್ತೆ ಸಂಜೆ ಬಿಸಿಲಿಳಿದ ಮೇಲೆ. ಬಿಡಿಸುವುದು, ಬರೆಯುವುದು, ರಾಗ ಸಾಧನೆ ಆ ಹೊತ್ತಿಗೆ ಬರಲಿ. ನಡುಹಗಲಿಗೆ ಬೇರೆ ಕೆಲಸಗಳಿವೆ: ಹಳೆಯ ಪುಟ ತಿದ್ದುವುದು, ಕುಂಚ ತೊಳೆಯುವುದು, ಓದುವುದು, ನಿದ್ದೆ.

ಬೆಳಿಗ್ಗೆ ಹೂಬಿಟ್ಟ ದಾರಿಯಲ್ಲಿ ನಡೆದರೆ ಯೋಚನೆ ಬರುತ್ತದೆ ಎನ್ನುವವರ ಅನುಭವ ಸುಳ್ಳಲ್ಲ. ಆದರೆ ಶ್ರೇಯಸ್ಸು ಹೂವಿಗೆ ಸೇರಬೇಕೋ ಕಾಲಿಗೋ? ಸ್ಟ್ಯಾನ್‌ಫರ್ಡ್‌ನ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಡೆಯುವಾಗ ಹೊಸ ಯೋಚನೆಗಳ ಫಸಲು ಕೂತಾಗಿನದಕ್ಕಿಂತ ಸರಾಸರಿ ಶೇ. 60ರಷ್ಟು ಹೆಚ್ಚಿತ್ತು. ಬೋಳು ಗೋಡೆಗೆ ಮುಖಮಾಡಿ ಟ್ರೆಡ್‌ಮಿಲ್ ಮೇಲೆ ನಡೆದವರಲ್ಲೂ ಇದು ಕಂಡಿತು. ಅಂದರೆ ಹೂವಿಲ್ಲದ ಬಡಾವಣೆಯಲ್ಲಿ, ತಾರಸಿಯ ಮೇಲೆ ಅತ್ತಿಂದಿತ್ತ ಅಡ್ಡಾಡಿದರೂ ನಡೆದೀತು.

ನಂಬಿಕೆ: ನಮ್ಮ ಕವಿಗಳು ವಸಂತ ಬಂದಾಗ ವಸಂತವನ್ನು ಹಾಡಿದರು

ಹಳಗನ್ನಡದ ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಇರಲೇಬೇಕಿತ್ತು. ಸಮುದ್ರ, ಬೆಟ್ಟ, ನಗರ, ಚಂದ್ರೋದಯ, ವನವಿಹಾರ, ಜಲಕ್ರೀಡೆ, ಋತುಗಳು ಎಂದು ಹದಿನೆಂಟು ಬಗೆ. ಕವಿ ಸಮುದ್ರ ನೋಡಿದ್ದಾನೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ, ವರ್ಣಿಸಬೇಕು ಅಷ್ಟೆ. ಪಂಪ ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಮುಗಿಸಿದ್ದಾಗಿ ತಾನೇ ಹೇಳಿಕೊಂಡಿದ್ದಾನೆ. ಆರು ತಿಂಗಳಲ್ಲಿ ಸಿಗುವುದು ಮೂರು ಋತು. ಒಂದೊಂದು ಋತುವೂ ಕಿಟಕಿಯ ಹೊರಗೆ ಬಂದು ನಿಲ್ಲಲಿ ಎಂದು ಕಾದಿದ್ದರೆ ಲೆಕ್ಕ ಕೂಡುತ್ತಿರಲಿಲ್ಲ. ಬನವಾಸಿಯ ತಂಗಾಳಿ, ಮಲ್ಲಿಗೆ, ಮಾವುಗಳನ್ನು ಅವನಷ್ಟು ಆಸೆಯಿಂದ ಬರೆದವರು ಕಡಿಮೆ. ಆದರೆ ವಿಕ್ರಮಾರ್ಜುನ ವಿಜಯದ ಆಶ್ರಯದಾತ ಅರಿಕೇಸರಿಯ ರಾಜಧಾನಿ ಇದ್ದದ್ದು ಬನವಾಸಿಯಲ್ಲಲ್ಲ, ದೂರದ ವೇಮುಲವಾಡದಲ್ಲಿ. ಆ ಪದ್ಯಗಳ ಬಲವಿರುವುದೇ ನೆನಪಿನಲ್ಲಿ, ಎದುರಿಗೆ ಇಲ್ಲದ್ದನ್ನು ಹಂಬಲಿಸುವುದರಲ್ಲಿ. ಲಕ್ಷ್ಮೀಶನಿಗೆ ಕರ್ಣಾಟ ಕವಿಚೂತವನ ಚೈತ್ರ ಎಂಬ ಬಿರುದಿದೆಯಲ್ಲ ಎಂದರೆ, ಇದೆ. ಆದರೆ ಬಿರುದನ್ನು ಕೊಡುವಾಗ ಅವನು ಯಾವ ತಿಂಗಳಲ್ಲಿ ಬರೆದ ಎಂದು ನೋಡಿ ಕೊಟ್ಟಿಲ್ಲ.

ಹೊಸಗನ್ನಡಕ್ಕೆ ಬಂದರೆ ಇನ್ನೂ ಮಜಾ. ಬೇಂದ್ರೆಯವರ ಯುಗಾದಿಯ ಹಾಡು ಮನೆಮನೆಗೆ ಗೊತ್ತು. ಆದರೆ ಧಾರವಾಡದ ಆ ಕವಿಯನ್ನು ಮತ್ತೆ ಮತ್ತೆ ಕೆಣಕಿದ ತಿಂಗಳು ಶ್ರಾವಣ. ಮೋಡ ಕವಿದು, ಕೆಸರಾಗಿ, ಹೊರಗೆ ಕಾಲಿಡಲಾಗದ ಶ್ರಾವಣ. ಕುವೆಂಪು ಅವರ ಕಾದಂಬರಿಗಳಿಂದ ಮಲೆನಾಡಿನ ಮಳೆಯನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ವಂಶಾವಳಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವರ ಶ್ರೀರಾಮಾಯಣ ದರ್ಶನಂ ಹಿಂದೆ ಸುಮಾರು ಒಂಬತ್ತು ವರ್ಷಗಳ ಬರವಣಿಗೆ ಇದೆ. ಅಷ್ಟು ವರ್ಷದಲ್ಲಿ ಎಲ್ಲ ಋತುಗಳೂ ಹಲವು ಸಲ ಬಂದು ಹೋಗಿರುತ್ತವೆ.

ನಂಬಿಕೆ: ಸೃಜನಶೀಲರಿಗೆ ಬಲಮೆದುಳು ಜೋರು

ಬೇಸಿಗೆ ಶಿಬಿರಗಳ ಕರಪತ್ರದಲ್ಲಿ ಇದು ಈಗಲೂ ಅಚ್ಚಾಗುತ್ತದೆ. ಮೆದುಳಿನ ಎರಡು ಭಾಗಗಳಿಗೆ ಕೆಲವು ಕೆಲಸಗಳಲ್ಲಿ ಹೆಚ್ಚುಕಡಿಮೆ ಇರುವುದು ನಿಜ. ಆದರೆ ಒಬ್ಬರು ಎಡದವರು, ಇನ್ನೊಬ್ಬರು ಬಲದವರು ಎಂಬ ವಿಂಗಡಣೆಗೆ ಆಧಾರವಿಲ್ಲ. ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಚಿತ್ರಗಳನ್ನು ಪರೀಕ್ಷಿಸಿ 2013ರಲ್ಲಿ ಯೂಟಾದ ಸಂಶೋಧಕರು ಇದನ್ನು ತೋರಿಸಿದರು. ಶಿಬಿರಕ್ಕೆ ಮಗುವನ್ನು ಕಳಿಸಿ, ಕರಪತ್ರವನ್ನು ಬಿಸಾಡಿ.

ನಂಬಿಕೆ: ಯೋಜನೆ ಹಾಕಿದರೆ ಸಹಜತೆ ಸಾಯುತ್ತದೆ

ಇದನ್ನು ನಂಬುವವರು ಬೆಂಗಳೂರಿನ ವಸಂತವನ್ನು ಒಮ್ಮೆ ನೋಡಬೇಕು. ಗುಲಾಬಿ ಟಬೂಬಿಯಾದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ‘ಪ್ರಕೃತಿಯ ಕೊಡುಗೆ’ ಎಂದು ಹಾಕುತ್ತಾರೆ. ಟಬೂಬಿಯಾ, ಜಕರಂಡಾ ಬಂದದ್ದು ಅಮೆರಿಕ ಖಂಡದ ಉಷ್ಣ ನಾಡುಗಳಿಂದ, ಗುಲ್‌ಮೊಹರ್ ಮಡಗಾಸ್ಕರಿನಿಂದ. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಬಿಡಬೇಕು, ಊರು ವರ್ಷದ ಯಾವ ತಿಂಗಳಲ್ಲೂ ಬೋಳಾಗಬಾರದು ಎಂದು ಲೆಕ್ಕ ಹಾಕಿದವನು ಜರ್ಮನ್ ತೋಟಗಾರ ಕೃಂಬಿಗಲ್. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡದಲ್ಲಿ ಕೆಲಸ ಮಾಡಿ, ಆಮೇಲೆ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗನ್ನು ನೋಡಿಕೊಂಡವನು. 1956ರಲ್ಲಿ ಇಲ್ಲಿಯೇ ತೀರಿಕೊಂಡ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ನಗರದಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರು. ನಾವು ಇಂದು ಕಣ್ಣರಳಿಸುವ ‘ತಾನಾಗಿ ಬಂದ’ ವಸಂತದ ಹಿಂದೆ ತಿಂಗಳುವಾರು ಪಟ್ಟಿ, ಗುಂಡಿಯ ಅಳತೆ, ನೀರಿನ ವ್ಯವಸ್ಥೆ ಎಲ್ಲ ಇದ್ದವು. ನಮ್ಮದೇ ಮುತ್ತುಗ, ಬೂರುಗಗಳನ್ನು ನೋಡಲು ಊರ ಹೊರಗೆ ಹೋಗಬೇಕು ಎಂಬ ಬೇಸರ ನನಗಿದೆ, ಅದು ಬೇರೆ ಮಾತು.

ನಂಬಿಕೆ: ಇದೆಲ್ಲ ಕಲಾವಿದರಿಗೆ, ನಮಗಲ್ಲ

ಸಾಗರ, ಸಿರ್ಸಿ, ಹೊಸನಗರದ ಕಡೆ ಈ ಮಾತು ಹೇಳಿ ನೋಡಿ. ಹೊಳೆ ದಂಡೆಯ ಕಾಡುಮಾವು ಬೀಜದಿಂದ ಹುಟ್ಟಿದಾಗ ಒಂದು ಮರದ ರುಚಿ ಇನ್ನೊಂದಕ್ಕಿರುವುದಿಲ್ಲ. ಯಾವ ಮರದ ಮಿಡಿ ಉಪ್ಪಿನಕಾಯಿಗೆ ಸರಿ ಎಂದು ತೊಟ್ಟು ಮುರಿದು, ಸೊನೆಯ ಪರಿಮಳ ನೋಡಿ ಆರಿಸಿದವರು ಅಲ್ಲಿನ ಮನೆಗಳ ಜನ. ಆರಿಸಿದ ಮರಕ್ಕೆ ಹೆಸರಿಟ್ಟರು: ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಅಪ್ಪೆ, ಕರ್ಣಕುಂಡಲ. ಕಸಿ ಕಟ್ಟಿ ಉಳಿಸಿದರು. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚಿ ಮಾನ್ಯತೆ ಬಂತು. ಚಿತ್ರ ಬರೆಯುವವರಿಗೆ ಬಣ್ಣ ಹೇಗೋ ಈ ಜನರಿಗೆ ಹುಳಿ ಮತ್ತು ಪರಿಮಳ ಹಾಗೆ. ಮಿಡಿಯನ್ನು ಉಪ್ಪಿನಲ್ಲಿ ಹಾಕಿ ಚಿರುಟುವವರೆಗೆ ಬಿಡುತ್ತಾರೆ. ಆಮೇಲೆ ಸಾಸಿವೆ, ಮೆಣಸಿನ ಖಾರ. ಹಪ್ಪಳ, ಸಂಡಿಗೆಯವರಿಗೂ ಈ ಬಿಸಿಲ ತಿಂಗಳುಗಳೇ ಬೇಕು. ಕವಿಗೆ ಶತ್ರುವಾದ ಬಿಸಿಲು ಅವರಿಗೆ ಸಲಕರಣೆ.

ನಂಬಿಕೆ: ಯುಗಾದಿಯಂದು ಹಿಡಿದದ್ದು ಇಪ್ಪತ್ತೊಂದು ದಿನದಲ್ಲಿ ಅಭ್ಯಾಸವಾಗುತ್ತದೆ

ಹೊಸ ವರ್ಷ, ಹೊಸ ವಾರ, ಹುಟ್ಟುಹಬ್ಬದಂಥ ದಿನಗಳ ಹಿಂದೆಯೇ ಜನ ಹೊಸ ಗುರಿಗಳನ್ನು ಹೆಚ್ಚಾಗಿ ಹಿಡಿಯುತ್ತಾರೆ ಎಂಬುದನ್ನು 2014ರ ಸಂಶೋಧನೆಯೊಂದು ದಾಖಲಿಸಿದೆ. ಆದ್ದರಿಂದ ಯುಗಾದಿಯಂದು ಹಿಡಿಯುವುದು ಮೂಢತನವಲ್ಲ. ಇಪ್ಪತ್ತೊಂದು ದಿನದ ಲೆಕ್ಕ ಮಾತ್ರ ಪೊಳ್ಳು. ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ತನ್ನ ರೋಗಿಗಳನ್ನು ನೋಡಿ, ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕು ಎಂದು ಬರೆದಿದ್ದ. ‘ಕನಿಷ್ಠ’ ಎಂಬುದು ದಾರಿಯಲ್ಲಿ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಹಿಂಬಾಲಿಸಿ ನೋಡಿದಾಗ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಬೇಕಾದದ್ದು ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254.

ಮಂಡ್ಯ, ಮೈಸೂರು, ಹಾಸನದ ಹಳ್ಳಿಗಳಲ್ಲಿ ಯುಗಾದಿಗೆ ಹೊನ್ನಾರು ಹೂಡುತ್ತಾರೆ. ಎತ್ತುಗಳನ್ನು ಸಿಂಗರಿಸಿ, ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ಕೆಲವೇ ಸಾಲು ಉತ್ತು ಮನೆಗೆ ಬರುತ್ತಾರೆ. ಅಂದೇ ಇಡೀ ಹೊಲ ಉಳುವವರಿಲ್ಲ. ಬರೆಯಲು ಹೊರಟವರೂ ಆ ದಿನ ಅರ್ಧ ಪುಟಕ್ಕೆ ನಿಲ್ಲಿಸಿದರೆ ಮರುದಿನಕ್ಕೆ ಏನಾದರೂ ಉಳಿದಿರುತ್ತದೆ. ಯುಗಾದಿಯಿಂದ 66 ದಿನ ಎಣಿಸಿದರೆ ಹೆಚ್ಚುಕಡಿಮೆ ರೋಹಿಣಿ ಇಲ್ಲವೇ ಮೃಗಶಿರಾ ಮಳೆಯ ಹೊತ್ತು. ನಡುವೆ ಮದುವೆಯ ಕಾಲ ಬೇರೆ. ಮುಹೂರ್ತಕ್ಕೆ ಹೋಗಿ ಒಂದು ದಿನ ತಪ್ಪಿತೆಂದು ಕೈಬಿಡಬೇಕಾಗಿಲ್ಲ. ಒಂದು ದಿನ ಬಿಟ್ಟದ್ದರಿಂದ ರೂಢಿ ಕಟ್ಟುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ ಎಂದು ಆ 96 ಜನರ ಲೆಕ್ಕವೇ ಹೇಳುತ್ತದೆ. ಊಟ ಮುಗಿಸಿ ಬಂದು ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲು ಕೂತರಾಯಿತು.