ಸಮಾಧಿಯಲ್ಲೂ ಸಮಾನತೆ ಬಯಸಿದ ವಕೀಲ ಥಾಡಿಯಸ್ ಸ್ಟೀವನ್ಸ್

ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಳಿಸಿದವರು ಯಾರು ಎಂದರೆ ಥಟ್ಟನೆ ನೆನಪಾಗುವುದು ಅಬ್ರಹಾಂ ಲಿಂಕನ್. ಆದರೆ ಬಿಡುಗಡೆಯಾದವರಿಗೆ ಸಮಾನ ಹಕ್ಕೂ ಸಿಗಲೇಬೇಕು ಎಂದು ಸಂಸತ್ತಿನಲ್ಲಿ ಪಟ್ಟು ಹಿಡಿದವರ ಮುಂಚೂಣಿಯಲ್ಲಿದ್ದವರು ಥಾಡಿಯಸ್ ಸ್ಟೀವನ್ಸ್. ವಿಪರ್ಯಾಸವೆಂದರೆ, ಇದೇ ಸ್ಟೀವನ್ಸ್ ಒಮ್ಮೆ ಗುಲಾಮರ ಒಡೆಯನ ಪರ ವಾದಿಸಿ ಗೆದ್ದಿದ್ದರು.

1792ರ ಏಪ್ರಿಲ್ 4ರಂದು ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್‌ನಲ್ಲಿ ಬಡ ಕುಟುಂಬವೊಂದರಲ್ಲಿ ಅವರು ಜನಿಸಿದರು. ಹುಟ್ಟಿನಿಂದಲೇ ಒಂದು ಪಾದ ಸೊಟ್ಟಗಿತ್ತು. ತಂದೆ ಮನೆ ಬಿಟ್ಟು ಹೋದ ಮೇಲೆ ತಾಯಿಯೇ ದುಡಿದು ಮಕ್ಕಳನ್ನು ಸಾಕಿದರು. ಡಾರ್ಟ್‌ಮೌತ್ ಕಾಲೇಜಿನಲ್ಲಿ ಓದಿದ ಸ್ಟೀವನ್ಸ್, 1816ರಲ್ಲಿ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ಆರಂಭಿಸಿದರು.

ಹೊರಗಿನಿಂದ ಕರೆತಂದ ಗುಲಾಮರು ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿದ್ದರೆ ಸ್ವತಂತ್ರರು ಎಂಬ ಕಾನೂನು ಆಗ ಅಲ್ಲಿತ್ತು. ಅದರ ಆಧಾರದಲ್ಲಿ ಚಾರಿಟಿ ಬಟ್ಲರ್ ಎಂಬ ಮಹಿಳೆ ಬಿಡುಗಡೆ ಕೋರಿದರು. ಆಕೆ ಸತತವಾಗಿ ಆರು ತಿಂಗಳು ಅಲ್ಲಿರಲಿಲ್ಲ ಎಂಬ ವಾದ ಕೋರ್ಟಿನಲ್ಲಿ ಗೆದ್ದಿತು. 1821ರ ಆ ಮೊಕದ್ದಮೆಯಲ್ಲಿ ಒಡೆಯನ ವಕೀಲರಾಗಿದ್ದವರು ಸ್ಟೀವನ್ಸ್. ಆಕೆಗೆ ಸ್ವಾತಂತ್ರ್ಯ ಸಿಗಲಿಲ್ಲ.

ಮುಂದೆ ಅವರ ದಾರಿಯೇ ಬದಲಾಯಿತು. 1835ರಲ್ಲಿ ರಾಜ್ಯದ ಶಾಸಕರಾಗಿ, ರದ್ದಾಗುವುದರಲ್ಲಿದ್ದ ಉಚಿತ ಶಾಲೆಗಳ ಕಾಯ್ದೆಯನ್ನು ತಮ್ಮ ಭಾಷಣದಿಂದ ಉಳಿಸಿದರು. 1838ರಲ್ಲಿ ಕಪ್ಪುವರ್ಣೀಯರ ಮತದಾನದ ಹಕ್ಕು ಕಿತ್ತುಕೊಂಡ ರಾಜ್ಯ ಸಂವಿಧಾನಕ್ಕೆ ಸಹಿ ಹಾಕಲು ನಿರಾಕರಿಸಿದರು. 1851ರಲ್ಲಿ, ಓಡಿಬಂದ ಗುಲಾಮರನ್ನು ಹಿಡಿಯಲು ನೆರವಾಗದ ಕಾರಣಕ್ಕೆ ದೇಶದ್ರೋಹದ ಆರೋಪ ಹೊತ್ತವರ ಪರ ವಕೀಲರಲ್ಲಿ ಒಬ್ಬರಾಗಿದ್ದರು.

ಅಂತರ್ಯುದ್ಧದ ವೇಳೆ ಅವರು ಜನಪ್ರತಿನಿಧಿ ಸಭೆಯ ಹಣಕಾಸು ಸಮಿತಿಯ ಅಧ್ಯಕ್ಷರು. ಯುದ್ಧ ಮುಗಿದ ಮೇಲೆ, ದಕ್ಷಿಣದ ದೊಡ್ಡ ಜಮೀನುದಾರರ ಭೂಮಿ ವಶಪಡಿಸಿಕೊಂಡು ಬಿಡುಗಡೆಯಾದವರಿಗೆ ತಲಾ 40 ಎಕರೆ ಕೊಡಬೇಕೆಂದರು. ಸಂಸತ್ತು ಒಪ್ಪಲಿಲ್ಲ. 1866ರಲ್ಲಿ ಸಂಸತ್ತು ಅಂಗೀಕರಿಸಿದ 14ನೇ ತಿದ್ದುಪಡಿಯೂ ಅವರು ಬಯಸಿದಷ್ಟು ಗಟ್ಟಿಯಾಗಿರಲಿಲ್ಲ. ಆದರೂ ಸಿಕ್ಕಷ್ಟನ್ನು ಬಿಡಬಾರದೆಂದು ಬೆಂಬಲಿಸಿದರು. ಜಾನ್ ಬಿಂಗಮ್ ರಚಿಸಿದ 'ಕಾನೂನುಗಳ ಸಮಾನ ರಕ್ಷಣೆ' ಎಂಬ ಮಾತು ಇರುವುದು ಇದೇ ತಿದ್ದುಪಡಿಯಲ್ಲಿ. ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಅದೇ ಮಾತಿದೆ.

1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ವಿರುದ್ಧದ ವಾಗ್ದಂಡನೆಗೆ ಸ್ಟೀವನ್ಸ್ ಮುಂದಾಳುವಾಗಿದ್ದರು. ಕಾಯಿಲೆಯಿಂದ ನಡೆಯಲಾಗದೆ, ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಿತ್ತು. ಸೆನೆಟ್‌ನಲ್ಲಿ ಒಂದೇ ಮತದ ಕೊರತೆಯಿಂದ ಜಾನ್ಸನ್ ಪಾರಾದರು. ಅದೇ ಜುಲೈನಲ್ಲಿ 14ನೇ ತಿದ್ದುಪಡಿ ಜಾರಿಗೆ ಬಂತು. ಆಗಸ್ಟ್ 11ರಂದು ಸ್ಟೀವನ್ಸ್ ಕೊನೆಯುಸಿರೆಳೆದರು.

ಲ್ಯಾಂಕಾಸ್ಟರ್‌ನಲ್ಲಿ ಬಿಳಿಯರಿಗಷ್ಟೇ ಜಾಗವಿದ್ದ ಸ್ಮಶಾನಗಳನ್ನು ಬಿಟ್ಟು, ಎಲ್ಲ ವರ್ಣದವರಿಗೂ ತೆರೆದಿದ್ದ ಸಣ್ಣ ಸ್ಮಶಾನವೊಂದನ್ನು ಅವರು ಮೊದಲೇ ಆರಿಸಿಕೊಂಡಿದ್ದರು. ತಾನು ಬದುಕಿನುದ್ದಕ್ಕೂ ಪ್ರತಿಪಾದಿಸಿದ ಸಮಾನತೆಯನ್ನು ಸಾವಿನಲ್ಲೂ ತೋರಿಸಲೆಂದೇ ಈ ಜಾಗ ಆರಿಸಿದೆ ಎಂಬ ಅರ್ಥದ ಸಾಲುಗಳನ್ನು ಸಮಾಧಿ ಕಲ್ಲಿಗಾಗಿ ತಾವೇ ಬರೆದಿಟ್ಟಿದ್ದರು.